ನಮ್ಮ ಕಾದಂಬರಿಗಳ ಹುಡುಗಿಯರಿಗೆ ಗೆಳತಿಯರು ಎಲ್ಲಿದ್ದಾರೆ?

ಹಾಸನದ ಕನ್ನಡ ಮೇಷ್ಟ್ರಮ್ಮ ಕೇಳಿದ ಪ್ರಶ್ನೆ:

ನಾನು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಹಳ್ಳಿಯ ಬಸ್ಸು ಬರುವವರೆಗೆ ಹದಿನೈದಿಪ್ಪತ್ತು ಹುಡುಗಿಯರು ಉಳಿದುಕೊಳ್ಳುತ್ತಾರೆ. ಆ ಒಂದೂವರೆ ಗಂಟೆ ಪಠ್ಯವಲ್ಲದ ಪುಸ್ತಕವೊಂದನ್ನು ಗಟ್ಟಿಯಾಗಿ ಓದುತ್ತೇವೆ. ಈ ವರ್ಷ ತ್ರಿವೇಣಿಯವರ ‘ಬೆಳ್ಳಿಮೋಡ’ ಹಿಡಿದೆವು. ಕಾಫಿ ತೋಟದ ಒಬ್ಬಳೇ ಮಗಳು ಇಂದಿರಾ. ಅವಳ ಅಪ್ಪನ ದುಡ್ಡಿನಲ್ಲಿ ಹೊರದೇಶಕ್ಕೆ ಓದಲು ಹೋದ ಮೋಹನ, ಅವಳಿಗೆ ತಮ್ಮನೊಬ್ಬ ಹುಟ್ಟಿ ಆಸ್ತಿ ಕೈತಪ್ಪುತ್ತದೆ ಎಂದು ಗೊತ್ತಾದಾಗ ಮದುವೆಯಿಂದ ಹಿಂದೆ ಸರಿಯುತ್ತಾನೆ. ಅಷ್ಟರಲ್ಲಿ ಅವಳ ತಾಯಿಯೂ ಇಲ್ಲವಾಗಿರುತ್ತಾಳೆ. ಅವಳು ತಮ್ಮನನ್ನು ಎತ್ತಿಕೊಂಡು ಬೆಳೆಸುತ್ತಾಳೆ. ಮುಂದೆ ಅದೇ ಮೋಹನ ಕಾಲು ಮುರಿದುಕೊಂಡು ಅವಳ ಆರೈಕೆಯಲ್ಲಿ ಚೇತರಿಸಿಕೊಂಡು ಮದುವೆಯಾಗೋಣ ಎಂದಾಗ ಒಲ್ಲೆ ಎನ್ನುತ್ತಾಳೆ.

ಆ ‘ಒಲ್ಲೆ’ ಬಂದಾಗ ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ ಎಂದುಕೊಂಡಿದ್ದೆ. ಕೆಲವರು ತಟ್ಟಿದರು. ಕೊನೆಯ ಬೆಂಚಿನವಳೊಬ್ಬಳು ಮಾತ್ರ ಹಿಂದಿನ ಪುಟಗಳಲ್ಲೇ ಸಿಕ್ಕಿಕೊಂಡಿದ್ದಳು. ‘ಮೇಡಂ, ಮೋಹನ ಬಿಟ್ಟುಹೋದನಲ್ಲ, ಇವಳು ಯಾರ ಹತ್ತಿರ ಹೇಳಿಕೊಂಡು ಅತ್ತಳು?’ ಎಂದು ಕೇಳಿದಳು. ನಾನು ಕೂಡಲೇ ಉತ್ತರ ಕೊಡಲಿಲ್ಲ. ನೀವು ಯಾರಿಗೆ ಹೇಳುತ್ತಿದ್ದಿರಿ, ಚೀಟಿಯಲ್ಲಿ ಬರೆಯಿರಿ ಎಂದೆ. ಅಮ್ಮ ಎಂದು ಬರೆದವರು ಇಬ್ಬರು. ಒಬ್ಬಳು ‘ನಮ್ಮ ಮನೆ ಎಮ್ಮೆಗೆ’ ಎಂದು ಬರೆದಿದ್ದಳು. ಉಳಿದ ಎಲ್ಲ ಚೀಟಿಗಳಲ್ಲಿ ಇದ್ದದ್ದು ಪಕ್ಕದಲ್ಲೇ ಕುಳಿತಿದ್ದ ಗೆಳತಿಯ ಹೆಸರು.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಗಳು, ಸೊಸೆ, ಹೆಂಡತಿ, ವಿಧವೆ, ತಾಯಿ: ಇಷ್ಟೂ ಜನ ನಮ್ಮ ಕಥೆಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಹದಿನೆಂಟು ವರ್ಷದ ಹುಡುಗಿಯನ್ನು ದಿನವೂ ಎತ್ತಿ ನಿಲ್ಲಿಸುವ ಗೆಳತಿ ಮಾತ್ರ ಕದ ತೆರೆದು ಬಂದು, ಒಂದು ಮಾತಾಡಿ, ಮದುವೆಯ ಹೊತ್ತಿಗೆ ಕಾಣೆಯಾಗುತ್ತಾಳೆ. ನನ್ನ ಓದು ಕಡಿಮೆಯಿರಬಹುದು. ಹುಡುಗಿಯರಿಬ್ಬರ ಸ್ನೇಹವೇ ಕಥೆಯನ್ನು ನಡೆಸುವಂಥ ಕನ್ನಡ ಪುಸ್ತಕಗಳನ್ನು ದಯವಿಟ್ಟು ತಿಳಿಸಿ.

ಇದನ್ನು ಬರೀ ಪಾಠಕ್ಕಾಗಿ ಕೇಳುತ್ತಿಲ್ಲ. ನನ್ನ ಬಳಿ ಇರುವ ‘ಬೆಳ್ಳಿಮೋಡ’ದ ಪ್ರತಿ ಮೈಸೂರಿನಲ್ಲಿ ಓದುವಾಗ ಹಳೆಯ ಪುಸ್ತಕದಂಗಡಿಯಲ್ಲಿ ನಲವತ್ತು ರೂಪಾಯಿಗೆ ನಾನೂ ನನ್ನ ಹಾಸ್ಟೆಲ್ ಗೆಳತಿಯೂ ಅರ್ಧರ್ಧ ಹಾಕಿ ಕೊಂಡದ್ದು. ಅಂಚಿನಲ್ಲಿ ಪೆನ್ಸಿಲಿನ ಎರಡು ಬರಹಗಳಿವೆ. ವಾಲಿದ ಅಕ್ಷರ ನನ್ನದು, ದುಂಡನೆಯದು ಅವಳದು. ಇಂದಿರಾ ಒಲ್ಲೆ ಎನ್ನುವ ಕಡೆ ನಾನು ‘ಪಾಪ ಮೋಹನ’ ಎಂದು ಬರೆದಿದ್ದೇನೆ, ಅದರ ಕೆಳಗೆ ಅವಳು ‘ಪಾಪವಂತೆ! ನಿನಗೆ ಬುದ್ಧಿ ಯಾವಾಗ ಬರುತ್ತದೆ?’ ಎಂದಿದ್ದಾಳೆ. ಮದುವೆಯ ಹಿಂದಿನ ವಾರ ಅವಳೇ ಪುಸ್ತಕ ತಂದು ಕೊಟ್ಟಳು. ‘ಅಲ್ಲಿ ಇಡಲು ಜಾಗವಿಲ್ಲ, ನಿನ್ನ ಬಳಿಯೇ ಇರಲಿ’ ಎಂದಳು. ಆಮೇಲೆ ಫೋನು ಮಾಡಿದಾಗಲೆಲ್ಲ ಹಿಂದೆ ಯಾರೋ ಇರುತ್ತಿದ್ದರು. ಊಟ ಆಯಿತೇ, ಮಳೆ ಬಂತೇ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಒಂಬತ್ತು ವರ್ಷವಾಯಿತು.

ತೀರ್ಥಹಳ್ಳಿ ಕಡೆಯ ನಿವೃತ್ತ ಗ್ರಂಥಪಾಲಕಿ:

ತಂಗೀ, ನಿನ್ನ ಪ್ರಶ್ನೆ ಓದಿ ಎದ್ದು ಹೋಗಿ ಕಪಾಟಿನಿಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆಗೆದೆ. 1967ರಲ್ಲಿ ಬಂದ ಕಾದಂಬರಿ. ದಪ್ಪ ನೋಡಿ ನಿನ್ನ ಹುಡುಗಿಯರು ಹೆದರಬಹುದು, ಪೂರ್ತಿ ಬೇಡ. ಹೂವಳ್ಳಿ ಚಿನ್ನಮ್ಮ ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಮಳೆಗತ್ತಲಲ್ಲಿ ಕಾಡು ಹತ್ತುವ ಭಾಗವನ್ನು ಓದಿಸು. ಅವಳು ಮುಕುಂದಯ್ಯನನ್ನು ನಂಬಿ ಹೊರಟಳು ಎಂದೇ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಬೇರೆ. ಆ ದಾರಿಯಲ್ಲಿ ಅವಳಿಗೆ ಆಸರೆಯಾದವಳು ಪೀಂಚಲು, ಕೂಲಿಯಾಳು ಐತನ ಹೆಂಡತಿ. ಒಬ್ಬಳು ನಾಯಕರ ಮನೆಯ ಮಗಳು, ಇನ್ನೊಬ್ಬಳು ಬಿಡಾರದವಳು. ಹಗಲಿನಲ್ಲಿ ಇಬ್ಬರೂ ಒಂದೇ ಜಗಲಿಯಲ್ಲಿ ಕೂರುವಂತಿರಲಿಲ್ಲ. ಕಾಡಿನೊಳಗೆ ಆ ಜಗಲಿ ಇಲ್ಲ. ಇದನ್ನು ಸ್ನೇಹವೆನ್ನದೆ ಇನ್ನೇನು ಅನ್ನಬೇಕು?

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನೂ ಸೇರಿಸಿಕೋ. 1976ರದು. ನಮ್ಮ ಸೀಮೆಯದೇ ಕಥೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಮುದುಕಿಯಾದ ಫಣಿಯಮ್ಮನ ಮುಂದೆ ದಾಕ್ಷಾಯಿಣಿ ಎಂಬ ಹರೆಯದ ವಿಧವೆ ಕೂದಲು ತೆಗೆಸುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ತಾನು ಪಟ್ಟದ್ದನ್ನು ಅವಳೂ ಪಡಲಿ ಎಂದು ಆ ಹಿರಿಯಳು ಹೇಳಬಹುದಿತ್ತು. ಹೇಳಲಿಲ್ಲ. ಹುಡುಗಿಯ ಪರ ನಿಂತಳು. ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲೂ ಕೆಂಪು ಸೀರೆಯ ಅಜ್ಜಿ ಇದ್ದರು. ಹೈಸ್ಕೂಲಿಗೆ ಹೊರಟ ನನ್ನನ್ನು ದೊಡ್ಡವರು ತಡೆದಾಗ ಅವರೊಬ್ಬರೇ ಅಡುಗೆಮನೆಯಿಂದ ‘ಹೋಗಲಿ ಬಿಡಿ’ ಎಂದರು, ತಲೆ ಎತ್ತದೆ, ಹಲಸಿನ ಹಪ್ಪಳ ಒತ್ತುತ್ತಲೇ. ಗೆಳತಿ ಅಂದರೆ ಓರಗೆಯವಳೇ ಆಗಬೇಕೆಂದು ನೀನು ಹುಡುಕಿದರೆ ಇಂಥವರು ಕೈಗೆ ಸಿಗುವುದಿಲ್ಲ.

ಕಾಸರಗೋಡಿನ ಓದುಗಿ:

ಹಿರಿಯರ ಮಾತನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ಅಜ್ಜಿ ಪರ ನಿಲ್ಲುವುದು ದೊಡ್ಡದು. ಆದರೂ ಅಜ್ಜಿಯ ಮುಂದೆ ಹೇಳಲಾಗದ ಮಾತುಗಳಿರುತ್ತವೆ, ಮೇಷ್ಟ್ರಮ್ಮ ಕೇಳುತ್ತಿರುವುದು ಆ ಮಾತುಗಳ ಬಗ್ಗೆ. ಓರಗೆಯವಳು ಬೇಕೇ ಬೇಕು.

ಇನ್ನೊಂದು ವಿಷಯ. ಗೆಳತಿ ಇಲ್ಲದಿರುವುದು ಲೇಖಕಿಯ ಮರೆವು ಎಂದುಕೊಳ್ಳಬೇಡಿ. ಸಾರಾ ಅಬೂಬಕ್ಕರ್ ನಮ್ಮೂರಿನವರು. ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಗಂಡ ರಶೀದನ ಜೊತೆ ಸುಖವಾಗಿದ್ದ ನಾದಿರಾಳನ್ನು ಅಪ್ಪ ಮನೆಗೆ ಕರೆತಂದು, ಅವಳಿಗೆ ಬೇಡದಿದ್ದರೂ ತಲಾಖ್ ಕೊಡಿಸುತ್ತಾನೆ. ಅಮ್ಮನಿಗೆ ಮಗಳ ಸಂಕಟ ಅರ್ಥವಾಗುತ್ತದೆ, ಬಾಯಿ ಬಿಡುವ ಶಕ್ತಿಯಿಲ್ಲ. ಆ ಊರಿನಲ್ಲಿ ನಾದಿರಾ ತಾನಾಗಿಯೇ ಹೋಗಿ ಬಾಗಿಲು ತಟ್ಟಬಹುದಾದ ಇನ್ನೊಂದು ಮನೆ ಎಲ್ಲಿದೆ? ಓದು ಬೇಗ ನಿಂತ, ಹೊಳೆ ದಾಟಲು ಗಂಡಸಿನ ಅಪ್ಪಣೆ ಬೇಕಾದ ಹುಡುಗಿಗೆ ಗೆಳತಿ ಎಲ್ಲಿಂದ ಬರಬೇಕು? ಸ್ನೇಹಕ್ಕೆ ಶಾಲೆಯ ದಾರಿ ಬೇಕು, ಬಸ್ಸಿನ ಸೀಟು ಬೇಕು, ಹಾಸ್ಟೆಲಿನ ಕೋಣೆ ಬೇಕು. ಅವು ಯಾವುವೂ ಇಲ್ಲದ ಹುಡುಗಿಯ ಕಥೆಯಲ್ಲಿ ಗೆಳತಿಯನ್ನು ತಂದು ನಿಲ್ಲಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಆ ಖಾಲಿ ಜಾಗವನ್ನು ನಿಮ್ಮ ಹುಡುಗಿಯರಿಗೆ ಹಾಗೆಯೇ ತೋರಿಸಿ. ಕೊನೆಯ ಬೆಂಚಿನವಳು ಅದನ್ನು ಆಗಲೇ ಕಂಡಿದ್ದಾಳೆ.

ನಿಮ್ಮ ಜಿಲ್ಲೆಯವರೇ ಆದ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯನ್ನು ಓದಿದ್ದೀರಾ? ಮೆಹರುನ್ ಗಂಡನ ಮನೆಯಲ್ಲಿ ಇರಲಾರದೆ ತವರಿಗೆ ಬಂದರೆ ಅಣ್ಣಂದಿರು ಮತ್ತೆ ಅಲ್ಲಿಗೇ ತಂದುಬಿಡುತ್ತಾರೆ. ಆ ರಾತ್ರಿ ಅವಳು ಸಾಯಲು ಹೊರಟಾಗ ತಡೆಯುವವಳು ಹಿರಿಮಗಳು ಸಲ್ಮಾ. ಎಳೆಗೂಸನ್ನು ಎತ್ತಿಕೊಂಡು ಬಂದು ಅಮ್ಮನ ಕಾಲು ಹಿಡಿಯುತ್ತಾಳೆ. ಓರಗೆಯ ಗೆಳತಿ ಇಲ್ಲದ ತಾಯಿಗೆ ಹೊಟ್ಟೆಯ ಮಗಳೇ ಗೆಳತಿಯಾಗಬೇಕಾಗಿ ಬಂತು. ಆ ಮಗುವಿನ ಹೆಗಲಿಗೆ ಅದು ಎಂಥ ಭಾರ! 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಪ್ರಶಸ್ತಿಯ ಮಾತನ್ನೇ ಆಡಿದರು. ನನ್ನ ಕಣ್ಣ ಮುಂದೆ ಇದ್ದವಳು ಸಲ್ಮಾ.

ಪುಣೆಯಲ್ಲಿರುವ ಧಾರವಾಡದವಳು:

ನಾನು ಸಾಹಿತ್ಯ ಓದಿದವಳಲ್ಲ, ಸಾಫ್ಟ್‌ವೇರ್ ಕೆಲಸ. ಇಲ್ಲಿ ಪಿ.ಜಿ.ಯಲ್ಲಿ ಮೂವರು ಒಂದೇ ಕೋಣೆಯಲ್ಲಿದ್ದೇವೆ. ನನಗೆ ಜ್ವರ ಬಂದ ವಾರ ಒಬ್ಬಳು ಗಂಜಿ ಮಾಡಿಕೊಟ್ಟಳು, ಇನ್ನೊಬ್ಬಳು ಅವ್ವನಿಗೆ ಫೋನು ಮಾಡಿ ನನ್ನ ದನಿಯಲ್ಲೇ ಮಾತಾಡಿ ಗಾಬರಿ ತಪ್ಪಿಸಿದಳು. ಇವರು ಯಾರೆಂದು ಅವ್ವ ಕೇಳಿದರೆ ‘ರೂಮಿನವರು’ ಎನ್ನುತ್ತೇನೆ. ಸಂಬಂಧಿಕರಿಗಾದರೆ ಚಿಗವ್ವ, ವೈನಿ, ಬೀಗತಿ ಎಂದು ಒಬ್ಬೊಬ್ಬರಿಗೂ ಒಂದೊಂದು ಹೆಸರಿದೆ. ಇವರಿಗೆ ‘ರೂಮಿನವರು’ ಎನ್ನುವಾಗ ಕೆಡುಕೆನಿಸುತ್ತದೆ. ಕಥೆ ಬರೆಯುವವರು ಯಾರಾದರೂ ಇಲ್ಲಿದ್ದರೆ ಈ ಕೋಣೆಯನ್ನು ಬರೆಯಿರಿ. ಮೇಷ್ಟ್ರಮ್ಮ, ನಿಮ್ಮ ಗೆಳತಿಗೆ ಇನ್ನೊಮ್ಮೆ ಫೋನು ಮಾಡಿರಿ.

ಹಾಸನದ ಕನ್ನಡ ಮೇಷ್ಟ್ರಮ್ಮ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಕಾಸರಗೋಡಿನವರು ‘ಶಾಲೆಯ ದಾರಿ ಬೇಕು, ಬಸ್ಸಿನ ಸೀಟು ಬೇಕು’ ಎಂದದ್ದನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. ನನ್ನ ಪ್ರಶ್ನೆಯಲ್ಲಿ ಲೇಖಕಿಯರ ಮೇಲೆ ಒಂದು ಆರೋಪವಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತನಾಲ್ಕು ವರ್ಷ. ನನಗೆ ಈಗ ಅಷ್ಟೇ ವಯಸ್ಸು. ಅವರು ಇನ್ನೂ ಬರೆಯಬೇಕಿದ್ದ ಪುಸ್ತಕಗಳ ಬಾಕಿಯನ್ನು ಬರೆದವುಗಳಲ್ಲಿ ಹುಡುಕುವುದು ಸರಿಯಲ್ಲ.

ಫೋನು ಮಾಡಿದೆ. ಅವಳು ಮಗನನ್ನು ಶಾಲೆಯಿಂದ ಕರೆತರಲು ನಿಂತಿದ್ದಳಂತೆ, ಹಿಂದೆ ಯಾರೂ ಇರಲಿಲ್ಲ. ಪುಸ್ತಕದ ಅಂಚಿನಲ್ಲಿ ಅವಳು ಬರೆದದ್ದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಕ್ಕಳ ಗಲಾಟೆ ಮಾತ್ರ ಕೇಳಿಸಿತು. ‘ಅಷ್ಟು ಜೋರು ಮಾತಾಡುತ್ತಿದ್ದೆನಾ ನಾನು?’ ಎಂದಳು. ಇನ್ನೂ ಏನೋ ಹೇಳುವುದರಲ್ಲಿದ್ದಳು, ಗಂಟೆ ಹೊಡೆಯಿತು.

ಶನಿವಾರ ತೀರ್ಥಹಳ್ಳಿಯ ಅಕ್ಕ ಹೇಳಿದ ಭಾಗವನ್ನು ಓದಿದೆವು. ಒಂದೂವರೆ ಗಂಟೆಯಲ್ಲಿ ಆರೇ ಪುಟ ಸಾಗಿತು. ಮಲೆನಾಡಿನ ಮಾತು ನಮ್ಮ ಬಯಲಿನ ಹುಡುಗಿಯರಿಗೆ ಹೊಸದು, ಒಂದೊಂದು ಪದಕ್ಕೂ ನಿಲ್ಲಿಸಿದರು. ಕೊನೆಯ ಬೆಂಚಿನವಳು ಈ ಸಲ ಮುಂದಿನ ಬೆಂಚಿಗೆ ಬಂದಿದ್ದಳು. ‘ಚಿನ್ನಮ್ಮನಿಗೆ ಪೀಂಚಲು ಇದ್ದಳು. ಪೀಂಚಲುಗೆ ಯಾರಿದ್ದರು ಮೇಡಂ?’ ಎಂದಳು. ಅಷ್ಟರಲ್ಲಿ ಬಸ್ಸು ಬಂತು. ಅಕ್ಕ, ಮುಂದಿನ ಶನಿವಾರದೊಳಗೆ ಇದಕ್ಕೆ ನಿಮಗೆ ತೋಚಿದ್ದನ್ನು ಬರೆಯುವಿರಾ?