ಸಿಡಿಲಿಗೆ ಸುಟ್ಟ ರೂಟರ್, ಹೊಸದಕ್ಕೆ ಬಾರದ ಇಂಟರ್ನೆಟ್: ಅನುಭವ ಇದ್ದವರು ಹೇಳಿ

ಆಲ್ದೂರು ಕಡೆಯಿಂದ, ಕೇಳಿದವರು:

ಹೋದ ವಾರದ ಹೂಮಳೆ ಕಾಫಿಗೆ ಒಳ್ಳೆಯದನ್ನೇ ಮಾಡಿತು. ಅದರ ಜೊತೆ ಬಂದ ಸಿಡಿಲು ಮಾತ್ರ ಮನೆಯ ರೂಟರನ್ನು ಸುಟ್ಟುಹಾಕಿತು. ಗೋಡೆಯ ಮೇಲಿರುವ ಫೈಬರ್ ಪೆಟ್ಟಿಗೆ (ಕೇಬಲ್ಲಿನವರು ಒಎನ್‌ಟಿ ಎನ್ನುತ್ತಾರೆ) ಬದುಕಿಕೊಂಡಿದೆ, ದೀಪಗಳು ಹಸಿರಾಗಿಯೇ ಉರಿಯುತ್ತಿವೆ. ಚಿಕ್ಕಮಗಳೂರಿಗೆ ಹೋಗಿ ಹೊಸ ರೂಟರ್ ತಂದೆ. ಮೊಬೈಲಿನಲ್ಲಿ 192.168.0.1 ಎಂದು ಹೊಡೆದು ಒಳಗೆ ಹೋದರೆ ‘ಇಂಟರ್ನೆಟ್ ಕನೆಕ್ಷನ್ ಟೈಪ್’ ಯಾವುದೆಂದು ಕೇಳುತ್ತದೆ. ಡೈನಾಮಿಕ್ ಐಪಿ, ಸ್ಟ್ಯಾಟಿಕ್ ಐಪಿ, ಪಿಪಿಪಿಒಇ, ಅದರ ಕೆಳಗೆ ಇನ್ನೂ ಎರಡು ಹೆಸರುಗಳು. ಮೊದಲನೆಯದನ್ನು ಒತ್ತಿದೆ. ವೈಫೈ ಸಿಗುತ್ತದೆ, ಗೆರೆಗಳು ಪೂರ್ತಿ ಇವೆ, ಆದರೆ ಕೆಳಗೆ ‘ಇಂಟರ್ನೆಟ್ ಇಲ್ಲ’ ಎಂಬ ಸಾಲು. ಲೈನಿನ ಹುಡುಗ ಮುಂದಿನ ವಾರ ಬರುತ್ತೇನೆ ಎನ್ನುತ್ತಿದ್ದಾನೆ. ಅವನ ವಾರಕ್ಕೆ ಎಷ್ಟು ದಿನ ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಮಗಳು ಊರಿಗೆ ಬಂದಿದ್ದಾಳೆ, ಇಲ್ಲಿಂದಲೇ ಕಚೇರಿಯ ಕೆಲಸ ಮಾಡುತ್ತಾಳೆ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳಿಗೆ ಮೀಟಿಂಗ್ ಇದೆ. ಈ ಪಾಡು ಪಟ್ಟವರು ಏನು ಮಾಡಿದಿರಿ ಹೇಳಿ. ನನಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಬಿಚ್ಚಿ ಮತ್ತೆ ಕೂಡಿಸಲು ಬರುತ್ತದೆ, ಇದು ಬರುವುದಿಲ್ಲ.

ಸಕಲೇಶಪುರ, ಹೋಂಸ್ಟೇ ನಡೆಸುವವಳು:

ಅಣ್ಣ, ಏನು ಮಾಡಬೇಕು ಎಂಬುದಕ್ಕಿಂತ ಮೊದಲು ಏನು ಮಾಡಬಾರದು ಎಂದು ಹೇಳುತ್ತೇನೆ. ಒಎನ್‌ಟಿಯ ಹಿಂದೆ ಸೂಜಿ ತೂರುವಷ್ಟು ಸಣ್ಣ ತೂತಿನಲ್ಲಿ ರೀಸೆಟ್ ಗುಂಡಿ ಇರುತ್ತದೆ. ಯಾರು ಏನೇ ಹೇಳಲಿ, ಅದನ್ನು ಒತ್ತಬೇಡಿ. ಎರಡು ವರ್ಷದ ಹಿಂದೆ, ಎಲ್ಲ ಕೋಣೆಗಳೂ ತುಂಬಿದ್ದ ಒಂದು ಶನಿವಾರ ನಾನು ಒತ್ತಿದೆ. ಕಂಪನಿಯವರು ತುಂಬಿಸಿದ್ದ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿ ತನ್ನ ಲೈನಿನಲ್ಲಿ ಸಂಪರ್ಕವನ್ನು ಬೇರ್ಪಡಿಸಲು ಇಡುವ ಸಂಖ್ಯೆ) ಎಲ್ಲವೂ ತೊಳೆದುಹೋಯಿತು. ಬೆಂಗಳೂರಿನವರು ಹಸಿರು ನೋಡಲು ಬರುತ್ತಾರೆಂದು ನಾವು ತಿಳಿದಿರುತ್ತೇವೆ. ಅವರು ನಿಜವಾಗಿ ಯಾವುದಕ್ಕೆ ಬಂದಿದ್ದರು ಎಂಬುದು ವೈಫೈ ಹೋದ ಅರ್ಧ ಗಂಟೆಯಲ್ಲಿ ಗೊತ್ತಾಯಿತು.

ನಮ್ಮಲ್ಲಿ ಒಎನ್‌ಟಿಯೇ ರೂಟರಿನ ಕೆಲಸವನ್ನೂ ಮಾಡುತ್ತದೆ. ಆಚೆ ಕಾಟೇಜಿಗೆಂದು ಎರಡನೇ ರೂಟರ್ ತಂದಾಗ ಎರಡರ ವಿಳಾಸವೂ 192.168.1.1 ಆಗಿತ್ತು. ಒಂದೇ ಮನೆಗೆ ಇಬ್ಬರು ಯಜಮಾನರು, ಯಾರ ಮಾತೂ ನಡೆಯಲಿಲ್ಲ. ಕೊನೆಗೆ ಹೊಸದನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿದೆ. ಆಗ ಅದು ಕನೆಕ್ಷನ್ ಟೈಪ್ ಕೇಳುವುದೇ ಇಲ್ಲ, ಬಂದ ಇಂಟರ್ನೆಟ್ಟನ್ನು ಹಂಚುತ್ತದೆ ಅಷ್ಟೆ. ನಿಮ್ಮ ಪೆಟ್ಟಿಗೆಯೂ ಅಂಥದ್ದೇ ಆಗಿದ್ದರೆ ಐದು ನಿಮಿಷದ ಕೆಲಸ.

ಚಿಕ್ಕಮಗಳೂರು ಪೇಟೆಯಿಂದ:

ಡಿಎನ್ಎಸ್ ಜಾಗದಲ್ಲಿ 8.8.8.8 ಹಾಕಿ, ಸರಿಹೋಗುತ್ತದೆ. ನನಗೆ ಹೋಗಿತ್ತು.

ಹಾಸನ, ಕಂಪ್ಯೂಟರ್ ಮತ್ತು ಸಿಸಿಟಿವಿ ಅಂಗಡಿ:

ಡಿಎನ್ಎಸ್ ಎಂದರೆ ಕೈಮರ, ದಾರಿ ತೋರಿಸುವ ಕಂಬ. ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಆ ಹೆಸರಿನ ಊರನ್ನೇ ಇಟ್ಟುಕೊಂಡಿರುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಹೆಸರಿನ ತಾಣ ಯಾವ ವಿಳಾಸದಲ್ಲಿದೆ ಎಂದು ಅದು ತೋರಿಸುತ್ತದೆ. ಇವರಿಗೆ ದಾರಿಯೇ ಕಡಿದುಹೋಗಿದೆ, ಕೈಮರ ಬದಲಿಸಿ ಏನು ಪ್ರಯೋಜನ?

ಆಲ್ದೂರಿನವರೇ, ನಿಮ್ಮದು ಎರಡು ಬಗೆಯಲ್ಲಿ ಒಂದು. ಒಂದು, ಸಕಲೇಶಪುರದ ಅಕ್ಕ ಹೇಳಿದಂತೆ ಒಎನ್‌ಟಿಯೇ ಕಂಪನಿಯ ಜೊತೆ ಮಾತಾಡಿ ಇಂಟರ್ನೆಟ್ ತರುವುದು. ಹಾಗಿದ್ದರೆ ನಿಮ್ಮ ರೂಟರಿಗೆ ಡೈನಾಮಿಕ್ ಐಪಿ, ಅಂದರೆ ವಿಳಾಸ ತಾನಾಗಿಯೇ ಸಿಗುವ ಬಗೆ, ಸಾಕು. ಇನ್ನೊಂದು, ಒಎನ್‌ಟಿ ಬರೀ ಸೇತುವೆಯಾಗಿ ನಿಂತು ರೂಟರೇ ಮಾತಾಡುವುದು. ಆಗ ಪಿಪಿಪಿಒಇ ಬೇಕು, ಹೆಸರು ಮತ್ತು ಪಾಸ್‌ವರ್ಡ್ ಬೇಕು. ಊಹೆ ಮಾಡುತ್ತ ಕೂರಬೇಡಿ. ಒಎನ್‌ಟಿಯಿಂದ ರೂಟರಿಗೆ ಹೋಗುವ ಕೇಬಲ್ಲನ್ನು ಬಿಚ್ಚಿ ನೇರವಾಗಿ ಮಗಳ ಲ್ಯಾಪ್‌ಟಾಪಿಗೆ ಚುಚ್ಚಿ, ಅದರ ವೈಫೈ ಆಫ್ ಮಾಡಿ. ಲ್ಯಾಪ್‌ಟಾಪಿಗೆ 192.168ರಿಂದ ಶುರುವಾಗುವ ವಿಳಾಸ ಸಿಕ್ಕಿ ಪುಟಗಳು ತೆರೆದರೆ ಮೊದಲನೆಯ ಬಗೆ. 169.254ರಿಂದ ಶುರುವಾಗುವ ವಿಳಾಸ ಕಂಡರೆ ಆ ಕಡೆಯಿಂದ ಯಾರೂ ವಿಳಾಸ ಕೊಡುತ್ತಿಲ್ಲ, ಲ್ಯಾಪ್‌ಟಾಪ್ ತನಗೆ ತಾನೇ ಒಂದು ವಿಳಾಸ ಕೊಟ್ಟುಕೊಂಡಿದೆ ಎಂದರ್ಥ. ಬಹುಮಟ್ಟಿಗೆ ಅದು ಎರಡನೆಯ ಬಗೆ. ಸ್ಟ್ಯಾಟಿಕ್ ಐಪಿಯನ್ನು ಮರೆತುಬಿಡಿ. ಕಂಪನಿಯವರು ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಎಂದು ಚೀಟಿಯಲ್ಲಿ ಬರೆದುಕೊಟ್ಟವರಿಗೆ ಮಾತ್ರ ಅದು. ಉಳಿದೆರಡು ಹೆಸರುಗಳು ನಮ್ಮ ಕಡೆ ನನಗೆ ಎದುರಾಗಿಯೇ ಇಲ್ಲ.

ಇನ್ನೊಂದು ವಿಷಯ, ನಗಬೇಡಿ. ಒಎನ್‌ಟಿಯ ಕೇಬಲ್ ರೂಟರಿನ ಯಾವ ತೂತಿಗೆ ಹೋಗಿದೆ ನೋಡಿ. ಬೇರೆ ಬಣ್ಣದ, ವಾನ್ ಅಥವಾ ಇಂಟರ್ನೆಟ್ ಎಂದು ಬರೆದಿರುವ ತೂತಿಗೇ ಹೋಗಬೇಕು. ಅಂಗಡಿಗೆ ‘ಕೆಟ್ಟಿದೆ’ ಎಂದು ಬರುವ ಹೊಸ ರೂಟರುಗಳಲ್ಲಿ ಕೆಲವಕ್ಕೆ ನಾನು ಮಾಡುವ ರಿಪೇರಿ ಅಷ್ಟೇ, ಕೇಬಲ್ಲನ್ನು ಪಕ್ಕದ ತೂತಿಗೆ ಹಾಕುವುದು. ನಮ್ಮ ಊರಿನ, ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನಲ್ಲಿ ಕುಳಿತು 1982ರಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಡೆಸುತ್ತಿದ್ದಾರೆ. ಅದೇ ಊರಿನಲ್ಲಿ ನಡುಮನೆಯಿಂದ ಅಡುಗೆಮನೆಗೆ ವೈಫೈ ದಾಟಿಸಲು ನನ್ನನ್ನು ಕರೆಯುತ್ತಾರೆ.

ಆಲ್ದೂರಿನಿಂದ:

ಕೇಬಲ್ ಸರಿಯಾದ ತೂತಿನಲ್ಲೇ ಇದೆ, ನೀಲಿ ಬಣ್ಣದ್ದು. ಲ್ಯಾಪ್‌ಟಾಪಿಗೆ ಚುಚ್ಚಿದಾಗ 169.254 ಎಂದೇ ಬಂತು. ಹಾಗಾದರೆ ಪಿಪಿಪಿಒಇ. ಹೆಸರು ಹಳೆಯ ರಸೀದಿಯಲ್ಲಿ ಸಿಕ್ಕಿತು. ಪಾಸ್‌ವರ್ಡಿಗೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನಲವತ್ತು ನಿಮಿಷ ಸಂಗೀತ ಕೇಳಿದೆ. ಕೊಟ್ಟರು. ಹಾಕಿದರೆ ‘ಅಥೆಂಟಿಕೇಶನ್ ಫೇಲ್ಡ್’ ಎನ್ನುತ್ತದೆ. ಡೈನಾಮಿಕ್ ಇದ್ದಾಗ ವಾನ್ ಐಪಿ (ಹೊರಗಿನಿಂದ ರೂಟರಿಗೆ ಸಿಗಬೇಕಾದ ವಿಳಾಸ) 0.0.0.0 ಎಂದಿತ್ತು, ಈಗಲೂ ಹಾಗೆಯೇ ಇದೆ.

ಹಾಸನ:

ಇದು ಒಳ್ಳೆಯ ಸುದ್ದಿ. ಆ ಕಡೆಯಿಂದ ಉತ್ತರವೇ ಬಾರದಿದ್ದರೆ ಲೈನಿನ ದೋಷವೋ ವಿಲ್ಯಾನ್ ಸಂಖ್ಯೆಯ ತಪ್ಪೋ ಎಂದು ಹುಡುಕಬೇಕಿತ್ತು. ‘ಫೇಲ್ಡ್’ ಎಂದರೆ ಬಾಗಿಲು ತಟ್ಟಿದ್ದು ಒಳಗಿನವರಿಗೆ ಕೇಳಿಸಿದೆ, ನೀವು ಯಾರೆಂದು ಅವರಿಗೆ ಒಪ್ಪಿಗೆಯಾಗಿಲ್ಲ ಅಷ್ಟೆ. ಕೇಬಲ್, ಒಎನ್‌ಟಿ, ಟೈಪ್ ಮೂರೂ ಸರಿ ಇವೆ. ಹೆಸರು, ಪಾಸ್‌ವರ್ಡ್, ಇಲ್ಲವೇ ರೂಟರಿನ ಗುರುತು, ಈ ಮೂರರಲ್ಲೊಂದು ತಪ್ಪಿದೆ.

ಹೊಳೆನರಸೀಪುರ, ನಿವೃತ್ತ ಮೇಷ್ಟ್ರು:

ಫೋನಿನಲ್ಲಿ ಕೇಳಿ ಬರೆದುಕೊಂಡ ಪಾಸ್‌ವರ್ಡನ್ನು ನಂಬಬೇಡಿ. ಮೂವತ್ತು ವರ್ಷ ಉಕ್ತಲೇಖನ ಬರೆಸಿದವನು ಹೇಳುತ್ತಿದ್ದೇನೆ. ನನಗೆ ಹೇಳಿದ ಹುಡುಗಿ ‘ಓ’ ಎಂದಳು, ನಾನು ಅಕ್ಷರ ಬರೆದೆ, ಅದು ಸೊನ್ನೆಯಾಗಿತ್ತು. ದೊಡ್ಡಕ್ಷರ, ಸಣ್ಣಕ್ಷರ ಬೇರೆ. ಮೊಬೈಲಿನ ಕೀಲಿಮಣೆ ಕೆಲವು ಸಲ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡುತ್ತದೆ, ಕೊನೆಗೊಂದು ಖಾಲಿ ಜಾಗವನ್ನೂ ಸೇರಿಸಿಬಿಡುತ್ತದೆ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಚಿತ್ರ ಒತ್ತಿದರೆ ಚುಕ್ಕೆಗಳ ಬದಲು ಅಕ್ಷರಗಳು ಕಾಣುತ್ತವೆ, ಒಂದೊಂದನ್ನೂ ಬೆರಳಿಟ್ಟು ಓದಿ. ಹೆಸರಿನಲ್ಲಿ ಅಟ್ ಚಿಹ್ನೆ ಮತ್ತು ಅದರ ಮುಂದಿನ ಭಾಗ ಇದ್ದರೆ ಅದನ್ನೂ ಪೂರ್ತಿ ಹಾಕಬೇಕು. ನಾನು ಅದು ಇಮೇಲ್ ವಿಳಾಸವೆಂದು ತಿಳಿದು ಅರ್ಧಕ್ಕೇ ಬಿಟ್ಟಿದ್ದೆ.

ಇವೆಲ್ಲ ಸೇರಿ ನನಗೆ ಎರಡು ದಿನ ಹಿಡಿಯಿತು. ಈಗ ಪಂಚಾಂಗದ ಹಿಂಬದಿಯಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಮೊಮ್ಮಗ ಇದು ಸುರಕ್ಷಿತವಲ್ಲ ಎನ್ನುತ್ತಾನೆ. ನಮ್ಮ ಮನೆಗೆ ಬರುವ ಕಳ್ಳ ಪಂಚಾಂಗ ನೋಡಿ ಬರುವವನಲ್ಲ.

ಮೂಡಿಗೆರೆ:

ಮೇಷ್ಟ್ರು ಹೇಳಿದ್ದೆಲ್ಲ ಸರಿಯಿದ್ದೂ ಆಗದಿದ್ದರೆ ನನ್ನ ಕತೆ ಕೇಳಿ. ಮೂರು ವರ್ಷದ ಹಿಂದೆ ಜುಲೈ ಮಳೆಯಲ್ಲಿ ರೂಟರ್ ಬದಲಿಸಿದೆ. ಪಾಸ್‌ವರ್ಡ್ ಹಳೆಯದೇ, ಹಾಳೆಯಲ್ಲಿ ಅಚ್ಚಾಗಿದ್ದುದು, ತಪ್ಪಲು ಸಾಧ್ಯವೇ ಇಲ್ಲ. ಆದರೂ ಇದೇ ಮಾತು, ಫೇಲ್ಡ್. ಎರಡು ಸಲ ರೂಟರನ್ನು ಅಂಗಡಿಗೆ ಒಯ್ದು ತಂದೆ, ಮೂವತ್ತು ಕಿಲೋಮೀಟರ್ ದಾರಿ. ಅಂಗಡಿಯಲ್ಲಿ ಅವರ ಲೈನಿಗೆ ಹಾಕಿದರೆ ಓಡುತ್ತದೆ, ನಮ್ಮ ಮನೆಯಲ್ಲಿ ಓಡುವುದಿಲ್ಲ. ಕೊನೆಗೆ ಗೊತ್ತಾಯಿತು, ನಮ್ಮ ಕೇಬಲ್ಲಿನವರು ಪ್ರತಿ ಮನೆಯ ಸಂಪರ್ಕವನ್ನೂ ಆ ಮನೆಯ ರೂಟರಿನ ಮ್ಯಾಕ್ ವಿಳಾಸಕ್ಕೆ (ತಯಾರಿಸುವಾಗಲೇ ಕೊಟ್ಟ ಗುರುತಿನ ಸಂಖ್ಯೆ) ಬೀಗ ಹಾಕಿಟ್ಟಿರುತ್ತಾರೆ. ಒಬ್ಬರ ಪಾಸ್‌ವರ್ಡನ್ನು ನಾಲ್ಕು ಮನೆಯವರು ಬಳಸಬಾರದೆಂದು. ರೂಟರ್ ಹೊಸದಾದರೆ ಮ್ಯಾಕ್ ಬೇರೆ, ಬೀಗ ತೆಗೆಯುವುದಿಲ್ಲ.

ಇದಕ್ಕೆ ಎರಡು ದಾರಿ. ಕಂಪನಿಗೆ ಫೋನ್ ಮಾಡಿ ‘ಮ್ಯಾಕ್ ರೀಸೆಟ್ ಮಾಡಿ’ ಎಂದು ಹೇಳುವುದು ಒಂದು. ಈ ಎರಡು ಪದ ಗೊತ್ತಿದ್ದರೆ ಅವರು ನಿಮ್ಮನ್ನು ಗೌರವದಿಂದ ಮಾತಾಡಿಸುತ್ತಾರೆ. ಭಾನುವಾರ ಫೋನ್ ಎತ್ತದಿದ್ದರೆ ಎರಡನೆಯದು. ಸುಟ್ಟ ರೂಟರನ್ನು ಎಸೆದಿಲ್ಲ ತಾನೆ? ಅದರ ಅಡಿಯ ಚೀಟಿಯಲ್ಲಿ ಎರಡೆರಡರಂತೆ ಹನ್ನೆರಡು ಅಂಕೆ, ಅಕ್ಷರಗಳು ಇರುತ್ತವೆ, ಅದೇ ಮ್ಯಾಕ್. ಹೊಸ ರೂಟರಿನಲ್ಲಿ ‘ಮ್ಯಾಕ್ ಕ್ಲೋನ್’ ಎಂಬ ಜಾಗ ಇರುತ್ತದೆ, ಅಲ್ಲಿ ಹಳೆಯದನ್ನು ಬರೆದು ಉಳಿಸಿ. ಕೆಲವು ರೂಟರುಗಳಲ್ಲಿ ವಾನ್ ಕಡೆಯ ಮ್ಯಾಕ್ ಚೀಟಿಯಲ್ಲಿರುವುದಕ್ಕಿಂತ ಒಂದು ಹೆಚ್ಚಿರುತ್ತದೆ. ನನ್ನದು ಹಾಗಿತ್ತು, ಕೊನೆಯ ಅಂಕೆ 4 ಇದ್ದುದನ್ನು 5 ಮಾಡಿದ ಮೇಲೆ ಹತ್ತಿಕೊಂಡಿತು. ಆಮೇಲೆ ಒಎನ್‌ಟಿ, ರೂಟರ್ ಎರಡನ್ನೂ ಆರಿಸಿ ಹತ್ತು ನಿಮಿಷ ಸುಮ್ಮನಿರಿ. ಹಿಂದಿನ ಪ್ರಯತ್ನಗಳು ಆ ಕಡೆ ಅರ್ಧಕ್ಕೆ ನಿಂತಿದ್ದರೆ ಕಳಚಿಕೊಳ್ಳಲಿ.

ಆಲ್ದೂರಿನಿಂದ, ಭಾನುವಾರ ರಾತ್ರಿ:

ಬಂತು! ಮೂಡಿಗೆರೆಯವರೇ, ನಿಮ್ಮ ಮನೆಗೊಂದು ಮೂಟೆ ಕಿತ್ತಳೆ ಬಾಕಿ, ಹಂಗಾಮಿಗೆ ಕಳಿಸುತ್ತೇನೆ. ಪಾಸ್‌ವರ್ಡಿನಲ್ಲೂ ಒಂದು ತಪ್ಪಿತ್ತು, ಮೇಷ್ಟ್ರು ಹೇಳಿದ ಸೊನ್ನೆಯೇ. ಅದನ್ನು ತಿದ್ದಿದರೂ ಹಿಡಿಯಲಿಲ್ಲ. ಹಳೆಯ ರೂಟರನ್ನು ಸ್ಟೋರಿನ ಮೂಲೆಯಿಂದ ಹುಡುಕಿ ತಂದು, ಚೀಟಿಯ ಮೇಲಿನ ಮಸಿ ಒರೆಸಿ, ಮ್ಯಾಕ್ ಹಾಕಿದ ಮೇಲೆ ವಾನ್ ಐಪಿ 100.70 ಎಂದು ಶುರುವಾಗುವ ಸಂಖ್ಯೆಗೆ ತಿರುಗಿತು. ವಾಟ್ಸ್ಆ್ಯಪ್ ಓಡುತ್ತಿದೆ, ಹುಡುಕಾಟವೂ ಓಡುತ್ತಿದೆ. ಆದರೆ ಬ್ಯಾಂಕಿನ ತಾಣ ಅರ್ಧ ತೆರೆದು ನಿಲ್ಲುತ್ತದೆ, ಮಗಳ ಕಚೇರಿಯ ಪುಟವೂ ಅಷ್ಟೆ. ನಡುವೆ ಒಂದು ವಿಡಿಯೊ ನೋಡಿ ಎಂಟಿಯು ಎಂಬುದನ್ನು 1500 ಮಾಡಿದ್ದೆ, ವೇಗ ಹೆಚ್ಚುತ್ತದೆ ಎಂದಿದ್ದರು. ಅದರಿಂದ ಇರಬಹುದೇ?

ಹಾಸನ:

ಅದರಿಂದಲೇ. ಎಂಟಿಯು ಎಂದರೆ ಒಂದು ಸಲಕ್ಕೆ ಕಳಿಸುವ ಮೂಟೆಯ ಗರಿಷ್ಠ ಗಾತ್ರ. ಮೊದಲು ಎಷ್ಟಿತ್ತೋ ಅಷ್ಟಕ್ಕೆ ತನ್ನಿ, 1492 ಇದ್ದಿರಬೇಕು. ನಿಮಗೆ ಗೋಣಿಚೀಲದ ಲೆಕ್ಕ ಗೊತ್ತಿದೆ. ಮೂಟೆ 50 ಕೆಜಿ ಮೀರಬಾರದು ಎಂದರೆ ಚೀಲದ ತೂಕವೂ ಅದರೊಳಗೇ ಸೇರಬೇಕು. ಈಥರ್ನೆಟ್ ಒಂದು ಸಲಕ್ಕೆ ಹೊರುವುದು 1500 ಬೈಟ್. ಪಿಪಿಪಿಒಇಯ ಚೀಲದ ತೂಕ 8 ಬೈಟ್. ಉಳಿಯುವುದು 1492. ನೀವು 1500 ತುಂಬಿಸಿದರೆ ಪೂರ್ತಿ ತುಂಬಿದ ಮೂಟೆಗಳು ದಾರಿಯಲ್ಲೇ ಬೀಳುತ್ತವೆ. ವಾಟ್ಸ್ಆ್ಯಪ್ ಸಂದೇಶ ಸಣ್ಣ ಪೊಟ್ಟಣ, ಹಾಗಾಗಿ ದಾಟುತ್ತದೆ. ‘ಮೂಟೆ ಭಾರವಾಯಿತು, ಸಣ್ಣದು ಮಾಡಿ’ ಎಂಬ ಸೂಚನೆ ಹಿಂದಕ್ಕೆ ಬರಬೇಕು, ಕೆಲವು ಕಡೆಯವರು ಭದ್ರತೆಯ ಹೆಸರಿನಲ್ಲಿ ಆ ಸೂಚನೆಯನ್ನೇ ತಡೆದಿರುತ್ತಾರೆ. ಆದ್ದರಿಂದಲೇ ಕೆಲವು ತಾಣಗಳು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ.

ಹೆಸರು, ಪಾಸ್‌ವರ್ಡ್ ಕೇಳುವ ಈ ಪದ್ಧತಿ ಫೋನ್ ತಂತಿಯ ಡಯಲ್ ಅಪ್ ಕಾಲದ್ದು. ಆ ಕಾಲದ ಶಾಸ್ತ್ರವನ್ನು ಈಥರ್ನೆಟ್ಟಿಗೂ ಹೊಂದಿಸಿ 1999ರಲ್ಲಿ ನಿಯಮ ಬರೆದರು, ಇವತ್ತು ಫೈಬರಿನ ಮೇಲೂ ಅದೇ ನಡೆಯುತ್ತಿದೆ. ಸೇರು, ಪಾವು ಹೋದರೂ ಮಾತಿನಲ್ಲಿ ಉಳಿದಂತೆ.

100.70 ಬಗ್ಗೆ ಒಂದು ಮಾತು. 100.64ರಿಂದ 100.127ರವರೆಗಿನ ವಿಳಾಸ ಬಂದಿದ್ದರೆ ಹಲವು ಮನೆಗಳಿಗೆ ಸೇರಿ ಹೊರಗೆ ಒಂದೇ ವಿಳಾಸ. ಬಳಕೆಗೆ ತೊಂದರೆಯಿಲ್ಲ. ಹೊರ ಊರಿನಿಂದ ಮನೆಯ ಕ್ಯಾಮೆರಾವನ್ನು ನೇರವಾಗಿ ನೋಡಲು ರೂಟರಿನಲ್ಲಿ ಪೋರ್ಟ್ ತೆರೆದು ಕೂತರೆ ಮಾತ್ರ ಅದು ಆಗುವುದಿಲ್ಲ, ಕ್ಯಾಮೆರಾ ಕಂಪನಿಯ ಆ್ಯಪ್ ಮೂಲಕವೇ ನೋಡಬೇಕು.

ಅಂದ ಹಾಗೆ, ಕ್ಯಾಮೆರಾ ಎಂದಾಗ ನೆನಪಾಯಿತು. ಒಎನ್‌ಟಿ ಉಳಿದು ಅದರ ಪಕ್ಕದ ರೂಟರ್ ಮಾತ್ರ ಸುಟ್ಟಿದ್ದು ಹೇಗೆ? ಫೈಬರ್ ಗಾಜು, ಅದರೊಳಗೆ ಸಿಡಿಲು ಹರಿಯುವುದಿಲ್ಲ. ಎರಡಕ್ಕೂ ಕರೆಂಟ್ ಒಂದೇ ಪ್ಲಗ್‌ಬೋರ್ಡಿನಿಂದ ಬರುತ್ತಿದ್ದು, ಸಿಡಿಲೂ ಅದೇ ದಾರಿಯಲ್ಲಿ ಬಂದಿದ್ದರೆ ಬಹುಶಃ ಎರಡೂ ಹೋಗುತ್ತಿದ್ದವು. ರೂಟರಿನಿಂದ ಮನೆಯ ಹೊರಕ್ಕೆ ಯಾವುದಾದರೂ ತಾಮ್ರದ ಕೇಬಲ್ ಹೋಗಿದೆಯೇ?

ಆಲ್ದೂರಿನಿಂದ, ಸೋಮವಾರ:

1492 ಮಾಡಿದೆ, ಬ್ಯಾಂಕ್ ತೆರೆಯಿತು. ಮಗಳು ಈಗ ಒಳಗೆ ಮೀಟಿಂಗಿನಲ್ಲಿ ಇದ್ದಾಳೆ, ಅತ್ತ ಸುಳಿಯಬಾರದೆಂದು ಆಜ್ಞೆಯಾಗಿದೆ. ರೂಟರಿನ ಎಲ್ಲ ಪುಟಗಳ ಫೋಟೊ ತೆಗೆದಿಟ್ಟಿದ್ದೇನೆ, ಪಂಚಾಂಗದ ಹಿಂದೆಯೂ ಬರೆದಿದ್ದೇನೆ.

ನಿಮ್ಮ ಊಹೆ ಸರಿ. ಕಣದ ಕ್ಯಾಮೆರಾಕ್ಕೆಂದು ಲ್ಯಾನ್ ಕೇಬಲ್ ಎಳೆದಿದ್ದೇನೆ, ಮನೆಯಿಂದ ಕಣದವರೆಗೆ ಎಪ್ಪತ್ತು ಮೀಟರ್, ನಾಲ್ಕು ಸಿಲ್ವರ್ ಮರಗಳ ಮೇಲಿಂದ. ಹೋಗಿ ನೋಡಿದರೆ ಕ್ಯಾಮೆರಾವೂ ಸತ್ತಿದೆ, ಇಷ್ಟು ದಿನ ಯಾರೂ ಗಮನಿಸಿರಲಿಲ್ಲ. ಆ ಕೇಬಲ್ಲನ್ನು ರೂಟರಿನಿಂದ ಕಿತ್ತು ಕಿಟಕಿಯ ಹೊರಗೆ ಸುತ್ತಿಟ್ಟಿದ್ದೇನೆ. ಮುಂದಿನ ಕುಯ್ಲಿನವರೆಗೆ ಕಣದಲ್ಲಿ ಕಾಯುವಂಥದ್ದು ಏನೂ ಇಲ್ಲ.

ಹಾಸನ:

ಕುಯ್ಲಿನ ಹೊತ್ತಿಗೆ ಕಣದವರೆಗೂ ಫೈಬರನ್ನೇ ಎಳೆಯಿರಿ. ಎರಡು ತುದಿಗೆ, ಫೈಬರನ್ನು ಲ್ಯಾನ್ ಕೇಬಲ್ಲಿಗೆ ಸೇರಿಸುವ ಎರಡು ಸಣ್ಣ ಪೆಟ್ಟಿಗೆಗಳು ಬೇಕು. ಫೈಬರಿನ ಜೊತೆ ಉಕ್ಕಿನ ತಂತಿ ಇರುವ ಕೇಬಲ್ ಕೊಟ್ಟರೆ ಆ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ, ಗಾಜನ್ನು ಮಾತ್ರ ಒಳಗೆ ತನ್ನಿ.