ವೀರನಾರಿ: ಹೋರಾಡಿದವಳೋ, ಉಳಿದವಳೋ?

ದಾವಣಗೆರೆಯ ಕಾರ್ಗಿಲ್ ವಿಜಯ ದಿವಸದ ಆಹ್ವಾನ ಪತ್ರಿಕೆಯೊಂದರಲ್ಲಿ ‘ವೀರನಾರಿಯರಿಗೆ ಸನ್ಮಾನ’ ಎಂದು ಅಚ್ಚಾಗಿತ್ತು. ಭಾಷಣಕಾರರು ಒನಕೆ ಓಬವ್ವನನ್ನು ಮನಸಾರೆ ಹೊಗಳಿದರು. ಶಾಲು ಹೊದಿಸಿಕೊಂಡವರು ಮಾತ್ರ ಗಡಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು. ಈ ಎರಡನೆಯ ಅರ್ಥ ಕನ್ನಡಕ್ಕೆ ಎಲ್ಲಿಂದ ಬಂತು?

ಕರ್ತವ್ಯದಲ್ಲಿ ಮಡಿದ ಸೈನಿಕನ ಪತ್ನಿಯನ್ನು ಭಾರತೀಯ ಸೇನೆ ‘ವೀರ್ ನಾರಿ’ ಎಂದು ಕರೆಯುತ್ತದೆ. ಅದು ಹಿಂದಿಯ ದಾರಿಯಲ್ಲಿ ನಮ್ಮ ಪತ್ರಿಕೆಗಳಿಗೆ ಇಳಿದಿರಬೇಕು ಎಂಬುದು ನನ್ನ ಊಹೆ. ಕನ್ನಡದಲ್ಲಿ ವೀರನಾರಿ, ವೀರವನಿತೆ, ವೀರರಾಣಿ ಎಲ್ಲವೂ ಆಯುಧ ಹಿಡಿದವಳಿಗೆ ಸಲ್ಲುವ ಮಾತುಗಳು. ಚಿತ್ರದುರ್ಗದ ಕ್ರೀಡಾಂಗಣಕ್ಕೂ ವೀರವನಿತೆ ಒನಕೆ ಓಬವ್ವನ ಹೆಸರೇ ಇದೆ.

ತಮಾಷೆಯೆಂದರೆ, ಕೆಳದಿ ಚೆನ್ನಮ್ಮ ಆಳಿದ್ದು ಗಂಡ ತೀರಿಕೊಂಡ ಮೇಲೆ. ಕಿತ್ತೂರು ಚೆನ್ನಮ್ಮನ ಪತಿ ಮಲ್ಲಸರ್ಜ 1816ರಲ್ಲಿ ತೀರಿಕೊಂಡ, ಆಕೆ ಬ್ರಿಟಿಷರೊಡನೆ ಕಾದಿದ್ದು 1824ರಲ್ಲಿ. ಅವರಿಬ್ಬರಲ್ಲಿ ಹಳೆಯ ಅರ್ಥವೂ ಹೊಸ ಅರ್ಥವೂ ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ. ಓಬವ್ವ ಹಾಗಲ್ಲ. ಆಕೆ ರಾಣಿಯಲ್ಲ, ವಿಧವೆಯೂ ಅಲ್ಲ. ಕೋಟೆ ಕಾಯುವ ಕಹಳೆಯವನ ಹೆಂಡತಿ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು ಹೋದವಳು ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡಳು ಎಂದೇ ದುರ್ಗದ ಜನ ಹೇಳುವುದು. ಚೆನ್ನಮ್ಮಂದಿರ ಹೆಸರಿನ ಮುಂದೆ ಸಂಸ್ಥಾನವಿದೆ, ಈಕೆಯ ಹೆಸರಿನ ಮುಂದೆ ಅಡುಗೆಮನೆಯ ಒನಕೆ!

ನನ್ನ ನಿಜವಾದ ತೊಡಕು ಇನ್ನೊಂದು. ಕಾಳಗದಲ್ಲಿ ಸತ್ತವನಿಗೆ ವೀರಗಲ್ಲು, ಅವನೊಡನೆ ಸತ್ತವಳಿಗೆ ಮಾಸ್ತಿಕಲ್ಲು. ಮಾಸ್ತಿ ಎಂದರೆ ಮಹಾಸತಿ. ಕಲ್ಲಿನಲ್ಲಿ ಮಡಚಿದ ತೋಳು, ಒಡೆಯದ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಆದರೆ ಬಳೆ ಒಡೆಸಿಕೊಂಡು, ಬದುಕಿ, ಮಕ್ಕಳನ್ನು ಸಾಕಿ, ಹೊಲ ಉಳಿಸಿಕೊಂಡವಳಿಗೆ? ಅಂಥವಳಿಗೆ ನಿಲ್ಲಿಸಿದ ಕಲ್ಲನ್ನು ನಾನು ಕಂಡಿಲ್ಲ. ಭಾಷೆ ಆಕೆಯ ವಿಷಯದಲ್ಲಿ ಇನ್ನೂ ಜಿಪುಣ: ರಂಡೆ, ಮುಂಡೆ ಎರಡೂ ವಿಧವೆಯೆಂಬ ಅರ್ಥದಿಂದ ಬೈಗುಳಕ್ಕೆ ಇಳಿದವು. ಪತ್ರಿಕೆಯ ‘ಹುತಾತ್ಮ ಯೋಧನ ಪತ್ನಿ’ ಎಂಬುದು ಪದವಲ್ಲ, ವಿಳಾಸ. ಈ ಬರದಲ್ಲಿ ಸೇನೆಯ ಮಾತು ಗೌರವ ತಂದಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಆಕೆಗೆ ಸಿಕ್ಕಿದ್ದು ಬೇರೊಬ್ಬಳ ಬಿರುದು.

ಗೊಂದಲ ಇನ್ನು ಹೆಚ್ಚಲಿದೆ. ಸೇನಾ ಪೊಲೀಸ್ ವಿಭಾಗದ ಮೊದಲ ಮಹಿಳಾ ತಂಡದ 83 ಮಂದಿ 2021ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿದರು. ಅವರು ‘ಯೋಧೆ’ಯರೋ, ‘ಮಹಿಳಾ ಯೋಧ’ರೋ? ನನಗೆ ಯೋಧೆಯೇ ಇಷ್ಟ, ವ್ಯಾಕರಣ ಬಲ್ಲವರು ತಿದ್ದಲಿ.

ಎರಡು ಕೋರಿಕೆಗಳಿವೆ. ಸೈನಿಕನ ಪತ್ನಿ ಎಂಬ ಅರ್ಥದಲ್ಲಿ ‘ವೀರನಾರಿ’ಯನ್ನು ಹಳೆಯ ಕನ್ನಡ ಪತ್ರಿಕೆಗಳಲ್ಲಿ ಕಂಡವರು ವರ್ಷದೊಂದಿಗೆ ತಿಳಿಸಿ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆಯವರು, ಯುದ್ಧದಲ್ಲಿ ಗಂಡ ಮಡಿದವಳನ್ನು ನಿಮ್ಮ ಮನೆಯ ಅಜ್ಜಿಯರು ಏನೆಂದು ಕರೆಯುತ್ತಿದ್ದರು ಎಂಬುದನ್ನು ಬರೆಯಿರಿ, ಬೈಗುಳವಾಗಿದ್ದರೂ ಸರಿ.