ಝಾಝೆನ್‌ನಲ್ಲಿ ಕೈಗೆ ಆಸರೆ ಯಾವುದು, ಎಷ್ಟು ಎತ್ತರ?

ಬೆಣ್ಣೆನಗರಿ (ದಾವಣಗೆರೆ)

ಝಾಝೆನ್‌ಗೆ (ಝೆನ್ ಬೌದ್ಧರು ಕೂತು ಮಾಡುವ ಧ್ಯಾನ) ನಾನು ಕೂರುವುದು ಬರ್ಮೀಸ್ ಭಂಗಿಯಲ್ಲಿ: ಎರಡೂ ಪಾದ ನೆಲದ ಮೇಲೆ, ಒಂದರ ಮುಂದೆ ಒಂದು. ಝಾಫು (ದುಂಡು ದಿಂಬು) ಸುಮಾರು 15 ಸೆಂ.ಮೀ. ಎತ್ತರ, ಅದರಡಿ ಮಡಿಸಿದ ಕಂಬಳಿ. ಮಂಡಿ ಎರಡೂ ನೆಲ ಮುಟ್ಟುತ್ತವೆ, ಕಾಲಿನ ತಕರಾರಿಲ್ಲ. ತೊಂದರೆ ಇರುವುದು ಕೈಯದು. ಬಲ ಅಂಗೈ ಮೇಲೆ ಎಡಗೈ ಇಟ್ಟು, ಹೆಬ್ಬೆರಳ ತುದಿ ತಾಗಿಸಿ ಹೊಕ್ಕುಳ ಕೆಳಗೆ ಹಿಡಿದರೆ ಕಾಲು ಗಂಟೆಯೊಳಗೆ ಕತ್ತು-ಭುಜದ ನಡುವಿನ ಮಾಂಸ ಉರಿಯತೊಡಗುತ್ತದೆ. ಸಡಿಲ ಬಿಟ್ಟರೆ ಕೈ ಹಿಮ್ಮಡಿ ಹತ್ತಿರಕ್ಕೆ ಜಾರಿ ಬೆನ್ನು ಗೂನಾಗುತ್ತದೆ. ಮಲಗುವ ತಲೆದಿಂಬನ್ನು ತೊಡೆ ಮೇಲೆ ಇಟ್ಟರೆ ಹೊಟ್ಟೆಗೆ ಒತ್ತಿ ಉಸಿರಾಟಕ್ಕೆ ಅಡ್ಡ. ಬೆರಳೂ ಒಮ್ಮೊಮ್ಮೆ ಜೋಮು ಹಿಡಿಯುತ್ತವೆ.

ಆಸರೆಯ ಎತ್ತರ ಹೇಗೆ ಗೊತ್ತುಮಾಡಬೇಕು? ಏನು ತುಂಬಿಸಬೇಕು, ಇಲ್ಲೇ ಹೊಲಿಸಬಹುದಾ? ಆಸರೆ ಇಟ್ಟುಕೊಂಡರೆ ಅಭ್ಯಾಸವೇ ಕೆಡುತ್ತದೆ ಅನ್ನುವವರೂ ಇದ್ದಾರೆ. ಅದು ಎಷ್ಟು ಸರಿ?

---

ಕೋಟೆಬೆಟ್ಟ (ಚಿತ್ರದುರ್ಗ)

ಉರಿ ಯಾಕೆ ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ, ಎತ್ತರದ ಲೆಕ್ಕ ಅಲ್ಲಿಂದಲೇ ಬರುತ್ತದೆ. ಜಪಾನಿನ ಸೋಟೋ ಝೆನ್ ಪರಂಪರೆಯ ಗುರು ಡೋಗೆನ್ (1200–1253) ಹೇಳಿಕೊಟ್ಟ ಕ್ರಮದಲ್ಲಿ ಬಲಗೈ ಕೂರುವುದು ಎಡ ಪಾದದ ಮೇಲೆ, ಎಡಗೈ ಬಲ ಅಂಗೈ ಮೇಲೆ. ಅಂದರೆ ಆ ಮಾತು ಪದ್ಮಾಸನ ಇಲ್ಲವೇ ಅರ್ಧಪದ್ಮಾಸನ ಹಾಕಿದವರಿಗೆ. ಅವರಿಗೆ ತೊಡೆ ಮೇಲೆ ಏರಿದ ಪಾದವೇ ಕೈಗೆ ಪೀಠ. ಜೊತೆಗೆ ಜಪಾನಿ ಭಿಕ್ಷುಗಳ ನಿಲುವಂಗಿಯ ಅಗಲ ತೋಳು ಮಡಿಲಲ್ಲಿ ರಾಶಿಯಾಗಿ ಬಿದ್ದು ಇನ್ನಷ್ಟು ಆಸರೆ ಕೊಡುತ್ತದೆ. ಬರ್ಮೀಸ್ ಭಂಗಿಯಲ್ಲಿ ಪಾದ ನೆಲಕ್ಕಿಳಿದಿದೆ, ಮೈಮೇಲೆ ಇರುವುದು ಟೀ ಶರ್ಟು. ಮುದ್ರೆಯ (ಹೀಗೆ ಜೋಡಿಸಿದ ಕೈಗಳ) ಅಡಿಯಲ್ಲಿ ಬರೀ ಗಾಳಿ. ಒಂದು ತೋಳಿನ ತೂಕ ಅಂದಾಜು ಮೈತೂಕದ ಶೇ. 5, ಅರವತ್ತು ಕಿಲೋ ಇರುವವರಿಗೆ ಎರಡೂ ಸೇರಿ ಆರು ಕಿಲೋ. ಅದಷ್ಟನ್ನೂ ಕತ್ತಿನ ಬುಡದ ಸ್ನಾಯು ಅಲ್ಲಾಡದೆ ಹೊತ್ತು ನಿಲ್ಲಬೇಕು. ಉರಿಯದೆ ಇನ್ನೇನು ಮಾಡೀತು.

ಹಾಗಾಗಿ ನಿಮ್ಮ ಶಿಸ್ತಿನಲ್ಲಿ ಕೊರತೆ ಏನೂ ಇಲ್ಲ, ಇಲ್ಲದಿರುವುದು ಪೀಠ ಮಾತ್ರ.

ಅಳತೆಗೆ ಮುಂಚೆ ಝಾಫು ಪರೀಕ್ಷಿಸಿ. ಕೂತಾಗ ಸೊಂಟದ ಮೂಳೆ ಮಂಡಿಗಿಂತ ಸ್ಪಷ್ಟವಾಗಿ ಮೇಲಿರಬೇಕು. 15 ಸೆಂ.ಮೀ. ಅನ್ನುವುದು ಹೊಸ ದಿಂಬಿನ ಅಳತೆಯೋ, ಕೂತ ಮೇಲಿನದೋ ನೋಡಿ. ಹಳೆಯ ಹತ್ತಿಯಾದರೆ ಅರ್ಧಕ್ಕೆ ಇಳಿದಿರುತ್ತದೆ. ಸೊಂಟ ಹಿಂದಕ್ಕೆ ಮಗುಚಿದ್ದರೆ ಎದೆ ಕುಸಿದು ಭುಜ ಮುಂದಕ್ಕೆ ಬರುತ್ತದೆ. ಆಗ ಕೈಗೆ ಏನಿಟ್ಟರೂ ಪ್ರಯೋಜನವಿಲ್ಲ.

ಅಳೆಯಲು ಇನ್ನೊಬ್ಬರ ಸಹಾಯ ಬೇಕು, ನಾಲ್ಕೈದು ತೆಳು ಟವೆಲ್ ಬೇಕು. ಉಸಿರು ಒಳಗೆ ಎಳೆಯುತ್ತಾ ಎರಡೂ ಭುಜ ಕಿವಿಯವರೆಗೆ ಎತ್ತಿ, ಉಸಿರು ಬಿಡುತ್ತಾ ತಾವಾಗಿ ಬೀಳಲು ಬಿಡಿ. ಮೊಣಕೈ ಪಕ್ಕೆಗೆ ಅಂಟದೆ ಒಂದು ಮುಷ್ಟಿ ದೂರ ಇರಲಿ. ಈಗ ಮುದ್ರೆ ಹಿಡಿದು ಕಿರುಬೆರಳಿನ ಅಂಚನ್ನು ಕಿಬ್ಬೊಟ್ಟೆಗೆ ತಾಗಿಸಿ. ಜೊತೆಯವರು ಮಡಿಸಿದ ಟವೆಲ್‌ಗಳನ್ನು ಒಂದೊಂದಾಗಿ ಅಡಿಗೆ ತೂರಿಸುತ್ತಾ ಹೋಗಲಿ. ಕೈಭಾರ ಪೂರ್ತಿ ಟವೆಲ್ ಮೇಲೆ ಬಿಟ್ಟಾಗ ಭುಜ ಮೊದಲಿದ್ದಲ್ಲೇ ಇರಬೇಕು. ಕೆಳಕ್ಕೆ ಎಳೆದಂತಾದರೆ ಇನ್ನೊಂದು ಟವೆಲ್ ಸೇರಿಸಿ, ಮೇಲಕ್ಕೆ ದೂಡಿದಂತಾದರೆ ಒಂದು ತೆಗೆಯಿರಿ. ಸರಿಹೋದಾಗ ರಾಶಿಯ ಎತ್ತರವನ್ನು ಕೈಭಾರ ಅದರ ಮೇಲೆ ಇರುವಾಗಲೇ ಸ್ಕೇಲ್‌ನಲ್ಲಿ ಅಳೆಯಿರಿ. ಹೆಚ್ಚಿನವರಿಗೆ 6ರಿಂದ 10 ಸೆಂ.ಮೀ. ಒಳಗೆ ಬರುತ್ತದೆ, ಮುಂಡ ಉದ್ದ, ತೋಳು ಗಿಡ್ಡ ಇದ್ದವರಿಗೆ ಇನ್ನೂ ಹೆಚ್ಚು.

ತಪ್ಪಿದ್ದು ತಿಳಿಯುವುದು ಸುಲಭ. ಎತ್ತರ ಜಾಸ್ತಿಯಾದರೆ ಮಣಿಕಟ್ಟು ಹಿಂದಕ್ಕೆ ಬಾಗಿ ಭುಜ ಕಿವಿಯತ್ತ ಏರುತ್ತದೆ. ಕಡಿಮೆಯಾದರೆ ಬೆನ್ನಿನ ರೆಕ್ಕೆಮೂಳೆಗಳ ನಡುವೆ ನೋವು. ಹೆಬ್ಬೆರಳಿಗೆ ಹಳೆಯ ಸೂತ್ರ ಒಂದಿದೆ, ಬೆಟ್ಟವೂ ಆಗಬಾರದು, ಕಣಿವೆಯೂ ಆಗಬಾರದು: ಮೇಲಕ್ಕೆ ಮೊನಚಾದರೆ ಬಿಗಿತ, ಕೆಳಗೆ ಬಿದ್ದರೆ ಮಂಪರು. ತುದಿಗಳ ನಡುವೆ ಒಂದು ಚೂರು ಕಾಗದ ಹಿಡಿಯಿರಿ. ಅದು ಬೀಳಬಾರದು, ಮುದುಡಲೂಬಾರದು.

---

ಹತ್ತಿಗಾದಿ (ದಾವಣಗೆರೆ)

ಹೊಲಿಸೋ ವಿಷಯ ನಾನು ಹೇಳ್ತೀನಿ. ತಲೆದಿಂಬು ಯಾಕೆ ಆಗಂಗಿಲ್ಲ ಅಂದ್ರೆ ಅದು ಅಗಲ ಜಾಸ್ತಿ, ಮೆತ್ತಗೆ ಬೇರೆ. ಕೈ ಭಾರಕ್ಕೆ ನಡುವೆ ತಗ್ಗಾಗತೈತಿ, ಅಂಚು ಎದ್ದು ಹೊಟ್ಟೆಗೆ ಒತ್ತತೈತಿ. ಕೈದಿಂಬು ಗಟ್ಟಿ ಇರಬೇಕು, ಸಣ್ಣದಿರಬೇಕು, ಹೊಟ್ಟೆ ಕಡೆ ಅಂಚು ಒಳಗೆ ಬಾಗಿರಬೇಕು. ಉದ್ದ 30 ಸೆಂ.ಮೀ., ಅಗಲ 16, ಹೊಟ್ಟೆ ಕಡೆ ನಡುವೆ 3 ಸೆಂ.ಮೀ. ಆಳದ ಬಾಗು. ಎತ್ತರ ಮೇಲೆ ಅಳೆದಷ್ಟು. ಹತ್ತಿ ತುಂಬೋದಾದ್ರೆ ಅದಕ್ಕೆ 2 ಸೆಂ.ಮೀ. ಸೇರಿಸಿ ಹೊಲಿಸ್ರಿ, ಯಾಕಂದ್ರೆ ಹತ್ತಿ ಕೂತೇ ಕೂರತೈತಿ.

90 ಸೆಂ.ಮೀ. ಪನ್ನದ ದಪ್ಪ ಹತ್ತಿ ಬಟ್ಟೆ ಒಂದು ಮೀಟರ್ ತಗೊಂಡ್ರೆ ಒಳಚೀಲ, ಹೊರಕವರ್ ಎರಡೂ ಆಗತಾವು. 8 ಸೆಂ.ಮೀ. ಎತ್ತರಕ್ಕೆ ಲೆಕ್ಕ ಹಿಂಗೆ: ಮೇಲೆ ಕೆಳಗೆ ತಲಾ 33×19ರ ತುಂಡು, ಪಕ್ಕಕ್ಕೆ 11 ಅಗಲ 52 ಉದ್ದದ ಎರಡು ಪಟ್ಟಿ, ಸುತ್ತ ಹೊಲಿಗೆಗೆ ಒಂದೂವರೆ ಸೆಂ.ಮೀ. ಬಿಟ್ಟಿರೋದು ಇದರಾಗೇ ಬಂತು. ಬಾಗಿದ ಕಡೆ ಹೊಲಿಗೆ ಅಂಚಿಗೆ ಅಲ್ಲಲ್ಲಿ ಸಣ್ಣ ಕತ್ತರಿ ಹಾಕಿಸ್ರಿ, ಇಲ್ಲಾಂದ್ರೆ ಮಗುಚಿದಾಗ ಸುಕ್ಕು ಬರತೈತಿ. ಹೊಸ ಬಟ್ಟೆ ಒಂದ್ಸಲ ತೊಳೆದು ಒಣಗಿಸಿಯೇ ಕತ್ತರಿಸಬೇಕು, ಇದನ್ನ ಮರೀಬೇಡ್ರಿ.

ಏನು ತುಂಬೋದು? ಜಪಾನಿನಾಗೆ ಝಾಫುವಿಗೆ ಬೂರುಗದಂಥ ಹತ್ತಿ ಇಲ್ಲವೇ ಬಕ್‌ವೀಟ್ ಅನ್ನೋ ಕಾಳಿನ ಹೊಟ್ಟು ತುಂಬ್ತಾರೆ. ಬಕ್‌ವೀಟ್ ನಮ್ಮ ಕಡೆ ಬೆಳೆಯಂಗಿಲ್ಲ, ಅದಕ್ಕೆ ಚಿಂತೆ ಬೇಡ. ಚಿತ್ರದುರ್ಗದ ಕಡೆ ನವಣೆ, ಸಾಮೆ ಬೆಳೀತಾರೆ, ಅದರ ಹೊಟ್ಟು ಈ ಕೆಲಸಕ್ಕೆ ಬಹಳ ಚಲೋ. ಕಾಳು ಮಾಡೋ ಗಿರಣಿಯಾಗೆ ಕೇಳ್ರಿ. ಸಣ್ಣ ಜರಡಿಯಾಗೆ ಎರಡು ಸಲ ಧೂಳು ತೆಗೆದು, ಎರಡು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಸೊಪ್ಪು ಒಂದು ಹಿಡಿ ಬೆರೆಸ್ರಿ. ಮೇಲಿನ ಅಳತೆಗೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯತೈತಿ. ಒಳಚೀಲಕ್ಕೆ ಝಿಪ್ ಇಡಿಸಿದ್ರೆ ಒಂದೊಂದು ಹಿಡಿ ತೆಗೆದು ಹಾಕಿ ಎತ್ತರ ಹೊಂದಿಸಬಹುದು. ಹೊಟ್ಟಿನ ದೊಡ್ಡ ಗುಣ ಅದೇ. ಬತ್ತದ ಹೊಟ್ಟು ಭದ್ರಾ ಕಾಲುವೆ ಸೀಮ್ಯಾಗೆ ಬೇಕಾದಷ್ಟು ಸಿಗತೈತಿ, ಆದರೆ ಬೇಡ: ತುದಿ ಚೂಪು, ಬಟ್ಟೆ ದಾಟಿ ಚುಚ್ಚತೈತಿ, ಕೆರೆತ ಬರತೈತಿ. ಧೂಳಿನ ಅಲರ್ಜಿ ಇದ್ದೋರು ಯಾವ ಹೊಟ್ಟೂ ಬಿಟ್ಟು ಹತ್ತಿಗೆ ಹೋಗ್ರಿ.

ಹತ್ತಿಯಾದ್ರೆ ಗಾದಿ ಅಂಗಡಿಯೋರಿಗೆ "ತಲೆದಿಂಬಿನಂಗೆ ಅಲ್ಲ, ಕೂರೋ ಗಾದಿಯಂಗೆ ಗಟ್ಟಿ ತುಂಬ್ರಿ" ಅಂತ ಹೇಳಬೇಕು. ನಡುವೆ ಮೂರು ಕಡೆ ದಾರ ಎಳೆದು ಗಂಟು ಹಾಕಿಸಿದ್ರೆ ಹತ್ತಿ ಮೂಲೆಗೆ ಸರಿಯಂಗಿಲ್ಲ. ಸ್ಪಂಜು ಮಾತ್ರ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಕೈ ಬೆವರತೈತಿ, ಅರ್ಧ ಗಂಟ್ಯಾಗೆ ಕುಸಿಯತೈತಿ, ಒಂದು ಕಡೆ ಜಾಸ್ತಿ ಕುಸಿದ್ರೆ ಮೈಯೂ ಆ ಕಡೆಗೇ ವಾಲತೈತಿ.

ಹಿಂದಿನ ಎರಡು ಮೂಲೆಗೆ 70 ಸೆಂ.ಮೀ. ಲಾಡಿ ಹೊಲಿಸಿ ಸೊಂಟದ ಹಿಂದೆ ಕಟ್ಟಿಕೊಳ್ರಿ. ತೊಡೆ ಮುಂದಕ್ಕೆ ಇಳಿಜಾರು ಇರೋದರಿಂದ ಲಾಡಿ ಇಲ್ಲದ ದಿಂಬು ನಿಧಾನಕ್ಕೆ ಜಾರಿ ಭುಜನೂ ಎಳಕೊಂಡು ಹೋಗತೈತಿ.

---

ಬಯಲುಗಾಳಿ (ಚಿತ್ರದುರ್ಗ)

ಜೋಮಿನ ಬಗ್ಗೆ ಯಾರೂ ಹೇಳಲಿಲ್ಲ. ಯಾವ ಬೆರಳು ಅನ್ನುವುದು ಮುಖ್ಯ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಮೊಣಕೈ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿರಬಹುದು: ಮೊಣಕೈ ತುಂಬಾ ಮಡಿಸಿರಬಹುದು, ಅಥವಾ ಮುಂಗೈ ತೊಡೆಯ ಗಟ್ಟಿ ಜಾಗಕ್ಕೆ ಊರಿರಬಹುದು. ಮುದ್ರೆಯನ್ನು ಒಂದೆರಡು ಬೆರಳಷ್ಟು ಕೆಳಗಿಳಿಸಿ, ಮುಂಗೈಯ ಕೆಳಗೂ ದಿಂಬು ಬರುವಂತೆ ಮಾಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ ಮಣಿಕಟ್ಟಿನ ಮೀಡಿಯನ್ ನರ. ಮಣಿಕಟ್ಟು ಮುಂಗೈಯ ನೇರಕ್ಕೆ ಬರಬೇಕು, ಗಡಿಯಾರ, ಬಳೆ, ಬಿಗಿ ಉಂಗುರ ತೆಗೆದಿಡಬೇಕು. ಇಡೀ ತೋಳು ಭಾರವಾದರೆ ಗದ್ದ ಮುಂದೆ ಚಾಚಿದ್ದೀರಾ ನೋಡಿ. ಕಿವಿ ಭುಜದ ನೇರಕ್ಕೆ, ಮೂಗು ಹೊಕ್ಕುಳ ನೇರಕ್ಕೆ ಇರಬೇಕು ಎಂಬ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ.

ಎದ್ದ ಕೆಲವೇ ನಿಮಿಷದಲ್ಲಿ ಜೋಮು ಹೋಗಬೇಕು. ರಾತ್ರಿ ನಿದ್ದೆಯಲ್ಲೂ ಬಂದರೆ, ಲೋಟ ಹಿಡಿಯುವ ಶಕ್ತಿ ಕುಗ್ಗಿದರೆ, ದಿಂಬು ಬದಲಿಸುತ್ತಾ ಕೂರಬೇಡಿ. ನರತಜ್ಞರಿಗೆ ತೋರಿಸಿ.

---

ಕಲ್ಲುಮಂಟಪ (ಹರಿಹರ)

"ಅಭ್ಯಾಸ ಕೆಡುತ್ತದೆ" ಎಂಬ ಮಾತಿಗೆ ನನ್ನ ಉತ್ತರ. ಝೆನ್ ಮಠಗಳಲ್ಲೇ ಝೆನ್‌ಬಾನ್ ಎಂಬ ಕಿರಿದಾದ ಹಲಗೆ ಇತ್ತು. ದೀರ್ಘಕಾಲ ಕೂರುವಾಗ ಒರಗಲು, ಮಡಿಲಿಗೆ ಅಡ್ಡ ಇಟ್ಟು ಕೈಯೂರಲು ಬಳಸುತ್ತಿದ್ದರು. ನಮ್ಮಲ್ಲೂ ಯೋಗನರಸಿಂಹನ ಮೂರ್ತಿ ನೋಡಿ: ಮಂಡಿ ಸುತ್ತಿ ಯೋಗಪಟ್ಟವೆಂಬ ಪಟ್ಟಿ, ಮಂಡಿಗಳ ಮೇಲೆ ಚಾಚಿದ ತೋಳು. ಜಪಕ್ಕೆ ಕೂತವರು ತೋಳಿನಡಿ ಊರುವ ಯೋಗದಂಡವೂ ಆಸರೆಯೇ. (ಅದನ್ನು ಝಾಝೆನ್‌ಗೆ ತರಬೇಡಿ. ಒಂದೇ ಪಕ್ಕಕ್ಕೆ ಊರಿದರೆ ಬೆನ್ನು ವಾಲುತ್ತದೆ.)

ಆದರೆ ಆ ಎಚ್ಚರಿಕೆಯಲ್ಲಿ ಒಂದಂಶ ನಿಜವಿದೆ. ಕೈದಿಂಬು ತೋಳಿನ ತೂಕ ಹೊರಬೇಕೇ ಹೊರತು ಮುಂಡದ ತೂಕವನ್ನಲ್ಲ. ಕೂತ ನಡುವೆ ಎರಡೂ ಕೈಯನ್ನು ಅರ್ಧ ಸೆಂ.ಮೀ. ಎತ್ತಿ ನೋಡಿ. ಮೈ ಮುಂದಕ್ಕೆ ತೂಗಿದರೆ ದಿಂಬಿನ ಮೇಲೆ ಒರಗಿದ್ದೀರಿ ಎಂದರ್ಥ. ಸೊಂಟದಿಂದ ಮತ್ತೆ ಎದ್ದು ಕೂರಿ.

ಪ್ರಯಾಣಕ್ಕೆ ದಿಂಬು ಬೇಡ. ಎರಡು ಮೀಟರ್ ಹತ್ತಿ ಶಲ್ಯವನ್ನು ಉದ್ದಕ್ಕೆ ನಾಲ್ಕಾಗಿ ಮಡಿಸಿ, ನಡುಭಾಗ ಕಿಬ್ಬೊಟ್ಟೆ ಮುಂದೆ ಬರುವಂತೆ ಸುತ್ತಿ ಹಿಂದೆ ಗಂಟು ಹಾಕಿ. ಮುಂದಿನ ಮಡಿಕೆಯನ್ನು ಸ್ವಲ್ಪ ಹೊರಗೆಳೆದರೆ ತೊಟ್ಟಿಲಂತೆ ಜೋಲುತ್ತದೆ, ಮುದ್ರೆ ಅದರಲ್ಲಿ ಕೂರುತ್ತದೆ. ಗಂಟು ಬೆನ್ನುಮೂಳೆ ಮೇಲೆ ಬರದೆ ಪಕ್ಕಕ್ಕೆ ಇರಲಿ, ಹೊಟ್ಟೆ ಉಬ್ಬಲು ಜಾಗವಿರಲಿ.

---

ಬೆಣ್ಣೆನಗರಿ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. ಜೋಮು ಹಿಡಿಯುವುದು ಕಿರುಬೆರಳು ಮತ್ತು ಉಂಗುರ ಬೆರಳೇ, ಹಾಗಾಗಿ ಮುದ್ರೆ ಕೆಳಗಿಳಿಸಿ ನೋಡುತ್ತೇನೆ. ಮನೆಯಲ್ಲಿ ಹಿರಿಯರು ಕುರ್ಚಿಯಲ್ಲಿ ಕೂರುತ್ತಾರೆ, ಇಷ್ಟಲಿಂಗ ಪೂಜೆಗೂ ಅದೇ ಕುರ್ಚಿ. ಅವರಿಗೂ ಇದೇ ದಿಂಬು ಆದೀತಾ?

---

ಕೋಟೆಬೆಟ್ಟ (ಚಿತ್ರದುರ್ಗ)

ಝಾಝೆನ್‌ಗೆ ಆಗುತ್ತದೆ, ಅಳತೆ ಮಾತ್ರ ಕುರ್ಚಿಯಲ್ಲಿ ಕೂರಿಸಿ ಹೊಸದಾಗಿ ತೆಗೆಯಬೇಕು. ಕುರ್ಚಿಯಲ್ಲಿ ತೊಡೆ ಮಟ್ಟಸವಾಗಿರುವುದರಿಂದ ಎತ್ತರ ಬೇರೆ ಬರುತ್ತದೆ. ಕುರ್ಚಿಯ ಕೈಗಳ ಮೇಲೆ ಮೊಣಕೈ ಊರುವುದು ಬೇಡ. ಅವು ಸಾಮಾನ್ಯವಾಗಿ ಎತ್ತರವೂ ಅಗಲವೂ ಹೆಚ್ಚಿದ್ದು ಭುಜ ಮೇಲೇರುತ್ತದೆ. ಪಾದ ಪೂರ್ತಿ ನೆಲಕ್ಕೆ ತಾಗದಿದ್ದರೆ ಅದರ ಕೆಳಗೆ ಮಣೆ ಇಡಿ.

ಇಷ್ಟಲಿಂಗಕ್ಕೆ ಈ ದಿಂಬು ಸಾಲದು. ಅಲ್ಲಿ ಎಡ ಅಂಗೈ ದೃಷ್ಟಿಗೆ ಎದುರಾಗಿ ಮೇಲಿರುತ್ತದೆ, ಆಸರೆ ಬೇಕಿರುವುದು ಎಡ ಮೊಣಕೈಗೆ. ಮಡಿಲಿಗೆ ಅಡ್ಡವಾಗಿ ಒಂದು ಗಟ್ಟಿ ಲೋಡು ಇಟ್ಟು, ಅದರ ಮೇಲೆ ಮಡಿಸಿದ ಟವೆಲ್ ಸೇರಿಸುತ್ತಾ ಎಡ ಮೊಣಕೈ ಕೂತಾಗ ಎರಡೂ ಭುಜ ಒಂದೇ ಮಟ್ಟದಲ್ಲಿ ಇರುವವರೆಗೆ ಏರಿಸಿ. ಭುಜದ ಮಟ್ಟವನ್ನು ಹಿಂದಿನಿಂದ ನಿಂತು ನೋಡಬೇಕು, ಎದುರಿನಿಂದ ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ.